ಬಿಳಿ ನೊರೆಯ ಭಯ
ಬಿಳಿ ಎಂದರೆ ನಮಗೆ ಶಾರದೆಯ ಸೀರೆ, ಮುಡಿಯ ಮಲ್ಲಿಗೆ, ಆಗಷ್ಟೇ ಕರೆದ ಹಾಲು. ಶವಕ್ಕೆ ಹೊದಿಸುವ ಬಟ್ಟೆಯೂ ಅದೇ ಬಣ್ಣ. ಈ ಎರಡೂ ಮುಖಗಳನ್ನು ಒಟ್ಟಿಗೇ ಕಂಡವರು ಬೆಂಗಳೂರಿನ ವಿಮಾನಪುರದ ನೆರೆಯ ಯಮಲೂರಿನವರು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಅಲ್ಲಿನ ಕೋಡಿಯಲ್ಲಿ ಉಕ್ಕಿಸಿದ ನೊರೆ ದೂರಕ್ಕೆ ಹಿಮದಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಗಾಳಿ ಬೀಸಿದರೆ ಅದು ರಸ್ತೆಗೆ ಹಾರಿ ಬೈಕ್ ಸವಾರರ ಮೈಮೇಲೆ ಬೀಳುತ್ತಿತ್ತು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಕೆರೆಯಂಗಳದ ಬೆಂಕಿ ಆರಿಸಲು ಸೈನಿಕರೂ ಇಳಿಯಬೇಕಾಯಿತು. ನೊರೆ ಏಳುವುದರಲ್ಲಿ ನಿಗೂಢವೇನಿಲ್ಲ: ಶುದ್ಧೀಕರಿಸದ ಚರಂಡಿ ನೀರಿನೊಂದಿಗೆ ಬಂದ ಡಿಟರ್ಜೆಂಟ್ ಅಂಶ ಹೂಳಿನಲ್ಲಿ ಸೇರಿಕೊಳ್ಳುತ್ತದೆ, ಮಳೆ ಬಂದು ನೀರು ಕೋಡಿಯಿಂದ ಧುಮ್ಮಿಕ್ಕಿದಾಗ ಗಾಳಿ ಬೆರೆತು ನೊರೆಯೇಳುತ್ತದೆ. ನಮ್ಮ ಅಂಗಿಯ ಕಾಲರನ್ನು ಬೆಳ್ಳಗೆ ಮಾಡಿದ ಪುಡಿಯೇ ಕೆರೆಯನ್ನು ಕೆಡಿಸಿತು. ಹಾಗಾಗಿ ಬಟ್ಟೆಯ ಬಿಳುಪು ನೋಡಿ ಹಿಗ್ಗುವ ನಾವು, ಅದನ್ನು ತೊಳೆದ ನೀರು ಎಲ್ಲಿಗೆ ಹೋಯಿತೆಂದೂ ಕೇಳಬೇಕು. ಶುದ್ಧೀಕರಣ ಘಟಕ ದಾಟದ ನೀರು ಕೆರೆಗೆ ಇಳಿಯುತ್ತಿರುವವರೆಗೆ ಈ ನಗರದ ಬಿಳುಪನ್ನು ನಂಬುವಂತಿಲ್ಲ.