ಎಷ್ಟು ಹೊಡೆದಿ ಅಲ್ಲ, ಎಷ್ಟು ನೋಡಿದಿ

ಶಿಕಾರಿ ಮಾಡುವವರ ಅನುಭವ ಅಳೆಯಲು ನಮ್ಮ ಕಡೆ ಒಂದೇ ಪ್ರಶ್ನೆ: "ಎಷ್ಟ ಹೊಡದಿ?" ಈ ಚಳಿಗಾಲದಲ್ಲಿ ನಮ್ಮ ಕಾಲೇಜಿನ ಹುಡುಗರ ಮೊಬೈಲಿನಿಂದ ಮೊಬೈಲಿಗೆ ಓಡಾಡಿದ ವಿಡಿಯೊಗಳ ಕೆಳಗೂ ಅದೇ ಪ್ರಶ್ನೆ. ಕಬ್ಬು ಕಡಿದು ಖಾಲಿಯಾದ ಹೊಲ, ರಾತ್ರಿ, ಬೈಕಿನ ಹೆಡ್‌ಲೈಟು, ಬೆಳಕಿಗೆ ಕಣ್ಣು ಕೋರೈಸಿ ನಿಂತ ಮೊಲ. ಮುಂದಿನ ಚಿತ್ರದಲ್ಲಿ ಅದೇ ಮೊಲದ ಕಿವಿ ಹಿಡಿದು ನಗುತ್ತಿರುವ ನಮ್ಮ ಗೆಳೆಯ. ಮೂರು ಹೊಡೆದವನು ಶಿಕಾರಿ, ಆರು ಹೊಡೆದವನು ಪಕ್ಕಾ ಶಿಕಾರಿ.

ಇದು ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ ಹೊಡೆಯುವುದೂ ಅಪರಾಧ, ಚಿಗರಿ ಹೊಡೆದರೆ ಮೂರರಿಂದ ಏಳು ವರ್ಷದವರೆಗೆ ಜೈಲು. ಆದರೆ ನನ್ನ ಮೊದಲ ತಕರಾರು ಕಾನೂನಿನದಲ್ಲ. ಇವರು ತಮ್ಮನ್ನು ಶಿಕಾರಿ ಎಂದು ಕರೆದುಕೊಳ್ಳುತ್ತಾರಲ್ಲ, ಆ ಹೆಸರಿನ ಬಗ್ಗೆಯೇ ನನ್ನ ತಕರಾರು. ಹೆಡ್‌ಲೈಟಿನ ಮುಂದೆ ನಿಂತ ಮೊಲದಿಂದ ಏನು ಕಲಿತೆ ಎಂದು ಕೇಳಿ ನೋಡಿ. ಅದು ಯಾವ ಹೊತ್ತಿಗೆ ಮೇಯಲು ಹೊರಡುತ್ತದೆ, ಹಗಲಿನಲ್ಲಿ ಎಲ್ಲಿ ಅಡಗಿರುತ್ತದೆ, ಯಾವ ದಾರಿಯಿಂದ ತಿರುಗಿ ಬರುತ್ತದೆ? ಉತ್ತರ ಬರುವುದಿಲ್ಲ. ಬಲ್ಬು ಮಾಡಿದ ಕೆಲಸವನ್ನು ಇವರು ತಮ್ಮ ಲೆಕ್ಕಕ್ಕೆ ಬರೆದುಕೊಂಡಿದ್ದಾರೆ, ಅಷ್ಟೇ.

ನಮ್ಮ ಭಾಗದಲ್ಲಿ ಚಿಗರಿ ಬೇಟೆಯನ್ನೇ ಕಸುಬಾಗಿ ಮಾಡಿಕೊಂಡಿದ್ದವರು ಹರಣಶಿಕಾರಿಗಳು. ಹೆಸರಿನಲ್ಲೇ ಜಿಂಕೆ ಇದೆ. ನಮ್ಮ ಮನೆಗಳಲ್ಲಿ ನಾವು ಹಿರನ್ ಅನ್ನುತ್ತೇವಲ್ಲ, ಅದೇ ಶಬ್ದ. ಗಡಿಯಾಚೆ ಅವರಿಗೆ ಫಾಸೆ ಪಾರ್ಧಿ ಎಂದು ಹೆಸರು. ಫಾಸೆ ಎಂದರೆ ಉರುಲು. ಪ್ರಾಣಿಯ ನರವನ್ನು ಹೊಸೆದು ಮಾಡಿದ ಉರುಲುಗಳನ್ನು ಸಾಲಾಗಿ ನೆಲಕ್ಕೆ ಕಟ್ಟಿ, ಚಿಗರಿಯ ಹಿಂಡನ್ನು ಆ ಕಡೆಗೆ ಮೆಲ್ಲಗೆ ಸರಿಸುವುದು ಅವರ ಹಳೆಯ ಪದ್ಧತಿ.

ಈ ಪದ್ಧತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಬಂದೂಕಿನವನಿಗೆ ಗುರಿ ಬೇಕು, ಗಟ್ಟಿ ಕೈ ಬೇಕು. ಉರುಲಿನವನಿಗೆ ಅದು ಯಾವುದೂ ಬೇಡ. ಅವನ ವಿದ್ಯೆಯೆಲ್ಲ ಖರ್ಚಾಗುವುದು ಪ್ರಾಣಿ ಬರುವುದಕ್ಕೆ ಮೊದಲೇ. ನಲವತ್ತು ಎಕರೆ ಬಯಲಿನಲ್ಲಿ ಚಿಗರಿ ಕಾಲಿಡುವುದು ಇಲ್ಲೇ ಎಂದು ಅವನಿಗೆ ಗೊತ್ತಿರಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹಿಂಡಿನ ಮುಂದೆ ಯಾವ ಹೆಣ್ಣು ನಡೆಯುತ್ತದೆ, ಬೆದರಿದಾಗ ಹಿಂಡು ತಗ್ಗಿಗೆ ಇಳಿಯುತ್ತದೋ ದಿಬ್ಬಕ್ಕೆ ಹತ್ತುತ್ತದೋ, ಇದೆಲ್ಲ ತಿಳಿದಿರಬೇಕು. ಉರುಲಿಗೆ ಚಿಗರಿ ಬಿದ್ದ ಮೇಲೆ ಅವನು ಕಲಿಯುವುದು ಬಹಳ ಕಡಿಮೆ. ಬೀಳದೆ ಹೋದ ದಿನ ಯಾಕೆ ಬೀಳಲಿಲ್ಲ ಎಂದು ಹೆಜ್ಜೆ ನೋಡುತ್ತಾ ಕೂತಾಗಲೇ ಹೆಚ್ಚು ಕಲಿತಿರಬೇಕು.

ಅವರದೇ ಇನ್ನೊಂದು ಉಪಾಯವಿದೆ. ಸಾಕಿದ ಗಂಡು ಚಿಗರಿಯ ಕೊಂಬಿಗೆ ಉರುಲು ಕಟ್ಟಿ ಕಾಡು ಗಂಡು ನಿಂತ ಕಡೆ ಬಿಡುತ್ತಿದ್ದರು. ಕಾಡು ಗಂಡು ಕಾದಾಡಲು ಬಂದು ಕೊಂಬು ಸಿಕ್ಕಿಸಿಕೊಳ್ಳುತ್ತಿತ್ತು. ಬೆಳೆದ ಗಂಡು ಚಿಗರಿ ಒಂದು ತುಂಡು ನೆಲವನ್ನು ತನ್ನದೆಂದು ಕಾಯುತ್ತದೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುಡ್ಡೆ ಮಾಡಿ ಗುರುತಿಡುತ್ತದೆ, ಒಳಗೆ ಬಂದ ಬೇರೆ ಗಂಡನ್ನು ಓಡಿಸುತ್ತದೆ ಎಂದು ಇವತ್ತು ಪ್ರಾಣಿಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಶಾಲೆಯ ಮುಖ ನೋಡದ ಮನುಷ್ಯರಿಗೆ ಇದು ತಿಳಿದಿತ್ತು. ತಿಳಿಯದಿದ್ದರೆ ಆ ಉಪಾಯ ಹುಟ್ಟುತ್ತಲೇ ಇರಲಿಲ್ಲ.

ನಿಪ್ಪಾಣಿಯಿಂದ ಕೊಲ್ಲಾಪುರ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆಯಷ್ಟು. ಆ ಸಂಸ್ಥಾನದಲ್ಲಿ ಛತ್ರಪತಿ ಶಾಹು ಮಹಾರಾಜರ ಕಾಲದಲ್ಲಿ ಚೀತಾ ಬಿಟ್ಟು ಚಿಗರಿ ಬೇಟೆಯಾಡುವುದು ದೊಡ್ಡ ಆಟ. ಚೀತಾದ ಕಣ್ಣಿಗೆ ಟೋಪಿ ಕಟ್ಟಿ, ಎತ್ತಿನ ಚಕ್ಕಡಿಯ ಮೇಲೆ ಕೂರಿಸಿ ಬಯಲಿಗೆ ಒಯ್ಯುತ್ತಿದ್ದರು. ಚಕ್ಕಡಿ ಯಾಕೆ? ಮನುಷ್ಯ ನಡೆದು ಬಂದರೆ ಚಿಗರಿ ದೂರದಿಂದಲೇ ಓಡುತ್ತದೆ. ಚಕ್ಕಡಿಯನ್ನು ಮಾತ್ರ ಅದು ದಿನವೂ ಹೊಲದಲ್ಲಿ ನೋಡಿರುತ್ತದೆ, ರೈತ ಬಂದ ಎಂದು ಸುಮ್ಮನೆ ಮೇಯುತ್ತದೆ. ಆದ್ದರಿಂದ ನೇರವಾಗಿ ಹೋಗದೆ ಸುತ್ತು ಹಾಕುತ್ತಾ ಹಾಕುತ್ತಾ ಹತ್ತಿರ ಹೋಗಿ ಟೋಪಿ ತೆಗೆಯುತ್ತಿದ್ದರು. ಈಗ ಹೇಳಿ, ಅಂದಿನ ಬೇಟೆಯಲ್ಲಿ ಚಿಗರಿಯನ್ನು ಬಲ್ಲವರು ಯಾರು? ಫೋಟೋದಲ್ಲಿ ನಡುವೆ ನಿಂತ ಅತಿಥಿಗಳೋ, ಚಕ್ಕಡಿ ಹೊಡೆದವನೋ? ಚಕ್ಕಡಿಯವನ ಹೆಸರು ಫೋಟೋದ ಕೆಳಗೆ ಇರುವುದಿಲ್ಲ ಬಿಡಿ.

ಇದಕ್ಕೆ ಎದುರು ಮಾತು ಇದೆ, ಅದನ್ನು ಮುಚ್ಚಿಡಬಾರದು. ಹಿಂದೆ ಬಂದೂಕಿನ ಲೈಸೆನ್ಸ್ ಇದ್ದ ಮನೆಗಳ ಹಿರಿಯರು ಹೇಳುವುದು ಹೀಗೆ: ದೂರದಿಂದ ನೋಡಿದವನಿಗೆ ಅರ್ಧ ಮಾತ್ರ ಗೊತ್ತು; ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ಕೈ ನಡುಗದಂತೆ ನಿಲ್ಲುವುದು, ಗಾಯಗೊಂಡ ಪ್ರಾಣಿಯ ರಕ್ತದ ಜಾಡು ಹಿಡಿಯುವುದು, ಹೊಟ್ಟೆ ಸೀಳಿದಾಗ ಅದು ಏನು ಮೇದಿತ್ತು ಎಂದು ಕಣ್ಣಾರೆ ಕಾಣುವುದು, ಇದೆಲ್ಲ ಹೊಡೆದವನಿಗೇ ಬರುವ ವಿದ್ಯೆ. ಇದರಲ್ಲಿ ಸುಳ್ಳಿಲ್ಲ. ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿ ಅವರು ಕೂಡ ಬಂದೂಕು ಹಿಡಿದೇ ಶುರು ಮಾಡಿದವರು.

ಅವರ ಕಥೆ ನಮ್ಮಲ್ಲಿ ಅನೇಕರಿಗೆ ಅರ್ಧ ಗೊತ್ತು. 1908ರಲ್ಲಿ ಹನ್ನೊಂದು ಹನ್ನೆರಡು ವರ್ಷದ ಹುಡುಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದ. ಅದರ ಕತ್ತಿನಲ್ಲಿ ಹಳದಿ ಕಲೆ. ಇದನ್ನು ತಿನ್ನಬಹುದೋ ಬಾರದೋ ಎಂದು ಅನುಮಾನ ಬಂದು ಮಾಮನ ಹತ್ತಿರ ಒಯ್ದ. ಮಾಮ ಅಮೀರುದ್ದೀನ್ ತಯ್ಯಬ್‌ಜಿ ಅವರು ಅದನ್ನು ಹಿಡಿಸಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿಂದ ಅವರ ಬದುಕು ತಿರುಗಿತು. ಇದಕ್ಕೂ ಮೊದಲು ಅದೇ ಹುಡುಗ ಮನೆಯ ಗೋಡೆಯ ತೂತಿನಲ್ಲಿ ಗೂಡು ಮಾಡಿದ್ದ ಗುಬ್ಬಿಗಳ ಮೇಲೂ ಏರ್‌ಗನ್ ಹಿಡಿದು ಕೂತಿದ್ದ. ಹೊರಗೆ ಕಾವಲು ಕೂತ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೇ ಇನ್ನೊಂದು ಗಂಡು ಬಂದು ಅದೇ ಮೊಳೆಯ ಮೇಲೆ ಕೂತಿತು. ಏಳು ದಿನದಲ್ಲಿ ಎಂಟು ಗಂಡು. ಪ್ರತಿ ಸಲ ಹೆಣ್ಣಿಗೆ ಹೊಸ ಜೊತೆ ಸಿಕ್ಕಿತು. ಇದನ್ನು ಹುಡುಗ ಬರೆದಿಟ್ಟುಕೊಂಡ. ಎಂಟು ಗುಬ್ಬಿ ಹೊಡೆದ ಹುಡುಗರು ಆ ಕಾಲದಲ್ಲಿ ಬೇಕಾದಷ್ಟು ಇದ್ದಿರಬೇಕು. ಹೊಡೆದ ಮೇಲೂ ಅಲ್ಲೇ ಕೂತು ಮೊಳೆಯ ಮೇಲೆ ಮುಂದೆ ಯಾರು ಬರುತ್ತಾರೆ ಎಂದು ನೋಡಿದವನು, ನೋಡಿದ್ದನ್ನು ಬರೆದವನು ಸಲೀಂ ಅಲಿ ಆದ.

ಅವರಿಗೆ ಮೊದಲ ಹೆಸರು ತಂದ ಕೆಲಸಗಳಲ್ಲೊಂದು ಗೀಜಗ ಹಕ್ಕಿಯದು, ಅದರಲ್ಲಿ ಗುಂಡಿನ ಕೆಲಸವೇ ಇಲ್ಲ. 1930ರಲ್ಲಿ ಮುಂಬಯಿಯ ಆಚೆ ಕಿಹೀಮ್ ಎಂಬ ಕಡಲತೀರದ ಊರಿನಲ್ಲಿ ಏಣಿ ಹಾಕಿ, ಮರೆ ಕಟ್ಟಿ, ಗೂಡುಗಳ ಪಕ್ಕದಲ್ಲೇ ದಿನವೂ ಕೂತರು. ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಉಳಿದದ್ದನ್ನು ಪೂರೈಸುತ್ತದೆ, ಆಮೇಲೆ ಇನ್ನೊಂದು ಹೆಣ್ಣಿಗಾಗಿ ಇನ್ನೊಂದು ಗೂಡು ಶುರು ಮಾಡುತ್ತದೆ. ಸತ್ತ ಗೀಜಗ ನೂರು ಸಿಕ್ಕರೂ ಇದು ತಿಳಿಯುತ್ತಿರಲಿಲ್ಲ. ದೇಹ ನೋಡಿದರೆ ರೆಕ್ಕೆಯ ಉದ್ದ ತಿಳಿಯುತ್ತದೆ. ನಡತೆ ತಿಳಿಯಬೇಕಾದರೆ ಹಕ್ಕಿ ಬದುಕಿರಬೇಕು.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. 1938ರ ನವೆಂಬರಿನಲ್ಲಿ ರಾಜಸ್ಥಾನದ ಭರತಪುರದ ಜೌಗಿನಲ್ಲಿ ವೈಸರಾಯ್ ಲಿನ್ಲಿತ್‌ಗೋ ಅವರ ತಂಡ ಒಂದೇ ದಿನದಲ್ಲಿ 4,273 ಹಕ್ಕಿ ಹೊಡೆಯಿತು. ಅಲ್ಲಿ ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ: ಯಾರು, ಯಾವ ದಿನ, ಎಷ್ಟು. 'ಎಷ್ಟ ಹೊಡದಿ' ಎಂಬ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನಮ್ಮ ದೇಶದಲ್ಲಿ ಸಿಗಲಿಕ್ಕಿಲ್ಲ. ಆ ಬಾತುಗಳು ಎಲ್ಲಿಂದ ಹಾರಿ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ತಿಳಿದದ್ದು ಮುಂದೆ, ಸಲೀಂ ಅಲಿಯವರ ಸೊಸೈಟಿ ಅಲ್ಲಿಯ ಹಕ್ಕಿಗಳನ್ನು ಜೀವಂತ ಹಿಡಿದು ಕಾಲಿಗೆ ಉಂಗುರ ಹಾಕಿ ಬಿಟ್ಟ ಮೇಲೆ.

ಹುಡುಗಿಗೆ ಶಿಕಾರಿಯ ಮಾತೇಕೆ ಎಂದು ಕೆಲವರು ಕೇಳಿಯಾರು. ನಮ್ಮ ದಾದಿ ಅಂಗಳದ ಕೋಳಿ ಕೂಗಿದ ರೀತಿಯಲ್ಲೇ ಮೇಲೆ ಹದ್ದು ಇದೆಯೋ, ಬೇಲಿಯಲ್ಲಿ ಮುಂಗುಸಿ ಇದೆಯೋ ಹೇಳುತ್ತಾರೆ, ಅಡುಗೆಮನೆಯಿಂದ ಹೊರಗೆ ಬರದೆ. ಅವರು ಜೀವನದಲ್ಲಿ ಕವಣೆ ಕೂಡ ಹಿಡಿದವರಲ್ಲ. ಆದ್ದರಿಂದ ಈ ಮಾತು ಹುಡುಗರಿಗೆ ಮಾತ್ರ ಸೇರಿದ್ದು ಎಂದು ನಾನು ಒಪ್ಪುವುದಿಲ್ಲ.

ನನಗೆ ನಿಜವಾಗಿ ನೋವಾಗುವ ಮಾತು ಮುಂದಿದೆ. ಭರತಪುರದಲ್ಲಿ ಹೊಡೆದವರಿಗೆ ಕಲ್ಲು ನೆಟ್ಟರು. ನಮ್ಮ ಕಡೆಯ ಪಾರ್ಧಿಗಳಂಥವರನ್ನು 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹುಟ್ಟಿನಿಂದಲೇ ಕಳ್ಳರು ಎಂದು ಬರೆದರು. ಮುಂಬಯಿ ಪ್ರಾಂತದ ಸರ್ಕಾರ ತಂತಿ ಬೇಲಿಯೊಳಗೆ ವಸಾಹತು ಕಟ್ಟಿ, ಹಾಜರಿ ಹಿಡಿದು ಇಂಥ ಜನರನ್ನು ಇಟ್ಟಿತು; ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಆ ಬಡಾವಣೆಗಳಿಗೆ ಇವತ್ತೂ ಸೆಟ್ಲಮೆಂಟ್ ಎಂದೇ ಹೆಸರು. 1952ರಲ್ಲಿ ಕಾಯ್ದೆ ಹೋಯಿತು, ಅನುಮಾನ ಹೋಗಲಿಲ್ಲ. ಊರಿನಲ್ಲಿ ಕಳವು ಆದರೆ ಇಂದಿಗೂ ಮೊದಲು ಯಾರ ಗುಡಿಸಲಿನ ಕಡೆ ನೋಡುತ್ತೇವೆ ಎಂದು ನಮಗೆಲ್ಲ ಗೊತ್ತು. 1972ರ ಕಾಯ್ದೆ ಬಂದ ಮೇಲೆ ಅವರ ಕಸುಬೂ ಅಪರಾಧವಾಯಿತು. ಕಾಯ್ದೆ ಬರಬೇಕಾಗಿತ್ತು, ಬರದಿದ್ದರೆ ಚಿಗರಿ ಉಳಿಯುತ್ತಿರಲಿಲ್ಲ. ಆದರೆ ಕಸುಬಿನ ಜೊತೆಗೆ ಆ ತಿಳಿವಳಿಕೆಯನ್ನೂ ಮಣ್ಣು ಮಾಡಬೇಕಿರಲಿಲ್ಲ. ಅವರಲ್ಲಿ ಹೆಚ್ಚಿನವರು ಈಗ ಕೂಲಿ, ಸಣ್ಣ ವ್ಯಾಪಾರ ಮಾಡಿಕೊಂಡಿದ್ದಾರೆ. ಹೆಜ್ಜೆ ಓದಬಲ್ಲ ಮುದುಕರ ಮೊಮ್ಮಕ್ಕಳು ನಮ್ಮ ಹಾಗೆ ಮೊಬೈಲ್ ಓದುತ್ತಿದ್ದಾರೆ.

ಮಧ್ಯಪ್ರದೇಶದ ಪನ್ನಾದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಕಳ್ಳಬೇಟೆಯಿಂದ 2009ರ ಹೊತ್ತಿಗೆ ಆ ಕಾಡಿನಲ್ಲಿ ಹುಲಿಗಳೇ ಇಲ್ಲವಾಗಿದ್ದವು. ಬೇರೆ ಕಡೆಯಿಂದ ಹುಲಿ ತಂದು ಬಿಡಬೇಕಾಯಿತು. ಈಗ ಅಲ್ಲಿ ಪಾರ್ಧಿ ಯುವಕರು ಪ್ರವಾಸಿಗರನ್ನು ಕಾಡಿನ ಅಂಚಿನಲ್ಲಿ ನಡೆಸಿಕೊಂಡು ಹೋಗಿ ಹೆಜ್ಜೆ, ಹಿಕ್ಕೆ, ಹಕ್ಕಿಯ ಕೂಗು ತೋರಿಸುವ ಮಾರ್ಗದರ್ಶಕರು. ಅದೇ ಕಣ್ಣು, ಅದೇ ಕಿವಿ. ಉರುಲು ಮಾತ್ರ ಇಲ್ಲ, ಸಂಬಳ ಇದೆ.

ನಮ್ಮಲ್ಲಿ ಅದು ಸಾಧ್ಯವೇ? ಚಿಕ್ಕೋಡಿ, ರಾಯಬಾಗ, ಕಾಗವಾಡದ ಹೊಳೆಸಾಲಿನಲ್ಲಿ ಕಬ್ಬು ಬಂದು ಬಯಲು ಹೋಯಿತು, ಬಯಲು ಹೋದ ಕಡೆ ಚಿಗರಿ ನಿಲ್ಲುವುದಿಲ್ಲ. ಧಾರವಾಡಕ್ಕೆ ಓದಲು ಹೋದ ನಮ್ಮ ಅಕ್ಕ-ಅಣ್ಣಂದಿರು ದಿನವೂ 'ಚಿಗರಿ' ಹತ್ತುತ್ತಾರೆ. ಅದು ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸು! ನಿಜವಾದದ್ದನ್ನು ಬಯಲಿನಲ್ಲಿ ಕಂಡವರು ಎಷ್ಟು ಮಂದಿಯೋ. ಆದರೂ ದಾರಿ ಮುಚ್ಚಿಲ್ಲ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರಗಳಿಗೆಂದೇ ಅಭಯಾರಣ್ಯ ಆಗಿದೆ. ಚಿಗರಿಗೆ ರಾಣೆಬೆನ್ನೂರು ಇದೆ. ಗೋಕಾಕ ಹತ್ತಿರ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮ ಇದೆ. ನಮ್ಮ ಕಬ್ಬಿನ ಸಾಲುಗಳಲ್ಲೇ ನರಿ, ನವಿಲು, ಗೌಜಲ ಹಕ್ಕಿ, ಅದೇ ವಿಡಿಯೊದ ಮೊಲ, ಎಲ್ಲ ಇವೆ.

ಪ್ರತಿ ವರ್ಷ ನಮ್ಮ ಕಾಲೇಜಿನ ಪ್ರವಾಸ ಅದೇ ಎರಡು-ಮೂರು ಊರುಗಳಿಗೆ ಹೋಗುತ್ತದೆ. ಈ ಸಲ ಯಡಹಳ್ಳಿಗೆ ಹೋಗೋಣ ಎಂದು ಪ್ರಾಚಾರ್ಯರಲ್ಲಿ ಮತ್ತು ಎನ್ನೆಸ್ಸೆಸ್ ಸರ್ ಅವರಲ್ಲಿ ನನ್ನ ವಿನಂತಿ. ಹೋಗುವ ಮೊದಲು ಹರಣಶಿಕಾರಿ ಮನೆತನದ ಒಬ್ಬ ಹಿರಿಯರನ್ನು ಕರೆಸಿ, ಶಾಲು ಹೊದಿಸಿ ಕಳಿಸದೆ, ಬೇರೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಟ್ಟು ಒಂದು ದಿನ ಹೊಲದಲ್ಲಿ ಪಾಠ ಮಾಡಿಸೋಣ. ಜೀವಶಾಸ್ತ್ರದ ಪ್ರಾಜೆಕ್ಟಿಗೆ ಇಂಟರ್‌ನೆಟ್ಟಿನಿಂದ ಚಿತ್ರ ಅಂಟಿಸುವ ಬದಲು ಒಂದು ತಿಂಗಳು ಒಂದೇ ಮೊಲದ ದಾರಿ ನೋಡಿ ಬರೆಯಬಹುದು: ತಾರೀಖು, ಹೊತ್ತು, ಗಾಳಿ, ಹೆಜ್ಜೆ, ಹಿಕ್ಕೆ. ವಿಡಿಯೊ ಹಾಕಿದ ಗೆಳೆಯರಿಗೆ ಹೊಲದ ದಾರಿ ನಮಗಿಂತ ಚೆನ್ನಾಗಿ ಗೊತ್ತು, ರಾತ್ರಿಯ ನಿದ್ದೆಗೆಡುವ ಅಭ್ಯಾಸವೂ ಇದೆ. ಮೊದಲ ತಂಡದಲ್ಲಿ ಅವರ ಹೆಸರೇ ಬರೆಯೋಣ. ಹೆಡ್‌ಲೈಟು ಮನೆಯಲ್ಲಿ ಬಿಟ್ಟು ಬರಲಿ.