ಆ ಮುಳ್ಳಿಗೆ ಬಣ್ಣ ಬಳಿದವರು ಯಾರು?

"ಇದು ಆಯುಧವಲ್ಲ ಸಾಹೇಬ್ರೇ, ಬರೀ ಅಳತೆಯ ಉಪಕರಣ. ಇದರಿಂದ ಯಾರೂ ಸತ್ತಿಲ್ಲ."

ಹೀಗೆಂದವರು ಬೆಂಗಳೂರಿನ ನನ್ನ ಪರಿಚಿತರೊಬ್ಬರು. ನಿವೃತ್ತ ಇಂಜಿನಿಯರ್, ಸಜ್ಜನರು. ನನ್ನ ಕತೆಗಳನ್ನು ಓದಿ, ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸುವಷ್ಟು ಪ್ರೀತಿಯುಳ್ಳವರು. ಎರಡನೇ ಮಹಾಯುದ್ಧದ ಕಾಲದ ವಿಮಾನಗಳ ಕಾಕ್‌ಪಿಟ್ ಉಪಕರಣಗಳನ್ನು ಸಂಗ್ರಹಿಸುವುದು ಅವರ ಹವ್ಯಾಸ. ಮನೆಯ ಗಾಜಿನ ಬೀರುವಿನಲ್ಲಿ ಎತ್ತರ ತೋರಿಸುವ ಆಲ್ಟಿಮೀಟರ್, ವೇಗದ ಡಯಲ್, ದಿಕ್ಸೂಚಿ, ವಿಮಾನದ ಗಡಿಯಾರ ಎಲ್ಲವೂ ಸಾಲಾಗಿ ಕೂತಿವೆ. ಒಂದೊಂದರ ಕೆಳಗೂ ಅಚ್ಚುಕಟ್ಟಾದ ಚೀಟಿ. ಅತ್ಯಂತ ಪ್ರೀತಿಯ ಆಲ್ಟಿಮೀಟರನ್ನು ಮಾತ್ರ ಮಗಳ ಓದುವ ಮೇಜಿನ ಮೇಲಿಟ್ಟಿದ್ದರು. "ಆಲ್ಟಿಮೀಟರ್, ಬ್ರಿಟಿಷ್ ವಾಯುಪಡೆ, 1943, ಮೂಲ ಬಣ್ಣ, ಕೆಲಸ ಮಾಡುವ ಸ್ಥಿತಿ" ಎಂದು ಅದರ ಚೀಟಿಯಲ್ಲಿ ಬರೆದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡೇ ಅವರು ಮೇಲಿನ ಮಾತು ಹೇಳಿದ್ದು.

ಆ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಈ ಹವ್ಯಾಸದವರನ್ನೆಲ್ಲ ಯುದ್ಧಪಿಪಾಸುಗಳೆಂದು ಬೈಯಲು ನಾನು ಹೊರಟಿಲ್ಲ. ಯುದ್ಧ ಮುಗಿದ ಮೇಲೆ ಬ್ರಿಟನ್, ಅಮೆರಿಕಗಳಲ್ಲಿ ಸಾವಿರಾರು ವಿಮಾನಗಳನ್ನು ಕೊಡಲಿ, ಕುಲುಮೆಗಳಿಗೆ ಒಪ್ಪಿಸಿ ಅಲ್ಯೂಮಿನಿಯಂ ಗಟ್ಟಿ ಮಾಡಿದರು. ಅವುಗಳ ಒಳಗಿನ ಯಂತ್ರಜ್ಞಾನದ ನೆನಪನ್ನು ಉಳಿಸಿದವರಲ್ಲಿ ಇಂಥ ಹುಚ್ಚು ಹಿಡಿದ ಖಾಸಗಿ ಜನರೂ ಇದ್ದಾರೆ. ಬ್ರಿಟಿಷ್ ವಾಯುಪಡೆ 1937ರ ಸುಮಾರಿಗೆ ತನ್ನ ವಿಮಾನಗಳಿಗೆ ಆರು ಉಪಕರಣಗಳ ಒಂದು ಫಲಕವನ್ನು ಗೊತ್ತುಮಾಡಿತು. ವೇಗ, ಕೃತಕ ದಿಗಂತ, ಏರಿಳಿತದ ದರ, ಎತ್ತರ, ದಿಕ್ಕು, ತಿರುವು. ಮೋಡದೊಳಗೆ ನೆಲವೂ ಆಕಾಶವೂ ಕಾಣದಾಗ ಪೈಲಟ್ ತನ್ನ ಮೈಯ ಅಂದಾಜನ್ನು ಬಿಟ್ಟು ಈ ಆರು ಡಯಲ್‌ಗಳನ್ನು ನಂಬಬೇಕಿತ್ತು. ಸ್ಪಿಟ್‌ಫೈರ್‌ನಿಂದ ಲ್ಯಾಂಕಾಸ್ಟರ್‌ಗೆ ಹೋದವನಿಗೂ ಅದೇ ಜಾಗದಲ್ಲಿ ಅದೇ ಡಯಲ್. ಇದೊಂದು ದೊಡ್ಡ ಬುದ್ಧಿವಂತಿಕೆ. ಎಷ್ಟೋ ಹುಡುಗರ ಜೀವ ಉಳಿಸಿದ್ದೂ ಹೌದು.

ಆದರೆ ಆ ಫಲಕದ ಆಲ್ಟಿಮೀಟರ್ ಏನು ಮಾಡುತ್ತದೆ? ಅದರೊಳಗೆ ಗಾಳಿ ತೆಗೆದ ತೆಳು ಲೋಹದ ಡಬ್ಬಿಯಿದೆ. ಮೇಲೇರಿದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಡಬ್ಬಿ ಹಿಗ್ಗುತ್ತದೆ, ಮುಳ್ಳು ತಿರುಗುತ್ತದೆ. ಹೊರಡುವ ಮುನ್ನ ಪೈಲಟ್ ತನ್ನ ನಿಲ್ದಾಣದ ಗಾಳಿಯ ಒತ್ತಡಕ್ಕೆ ಅದನ್ನು ಹೊಂದಿಸಿಕೊಂಡರೆ, ಮುಳ್ಳು ತೋರಿಸುವುದು ತನ್ನ ನೆಲದಿಂದ ತಾನು ಎಷ್ಟು ಮೇಲಿದ್ದೇನೆ ಎಂಬುದನ್ನು. ಕೆಳಗೆ ಯಾರ ನೆಲವಿದೆ, ಆ ನೆಲದ ಮೇಲೆ ಯಾರು ಮಲಗಿದ್ದಾರೆ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. 1943ರ ಜುಲೈನಲ್ಲಿ ಹ್ಯಾಂಬರ್ಗ್ ನಗರದ ಮೇಲೆ ಬ್ರಿಟಿಷ್ ಬಾಂಬರ್‌ಗಳು ಹೋದಾಗ ಇಂಥವೇ ಆಲ್ಟಿಮೀಟರ್‌ಗಳು ಸರಿಯಾಗಿಯೇ ಕೆಲಸ ಮಾಡಿದವು. ಕೆಳಗೆ ಬೆಂಕಿಯ ಬಿರುಗಾಳಿಯೆದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೇಲಿದ್ದ ಹುಡುಗರೂ ಸುಖವಾಗಿರಲಿಲ್ಲ. ಬಾಂಬರ್ ಕಮಾಂಡಿನ ಸುಮಾರು 1,25,000 ಸಿಬ್ಬಂದಿಯಲ್ಲಿ 55,573 ಮಂದಿ ಯುದ್ಧದಲ್ಲಿ ಸತ್ತರು. ಜಪಾನಿನ ವಿಮಾನಗಳಲ್ಲೂ ಆಲ್ಟಿಮೀಟರ್‌ಗಳಿದ್ದವು. 1941ರ ಡಿಸೆಂಬರ್ 23ರಂದು ಅವು ರಂಗೂನಿನ ಮೇಲೆ ಬಾಂಬು ಹಾಕಿದಾಗ, ಆ ಊರಿನ ಬಂದರಿನಲ್ಲಿ, ಓಣಿಗಳಲ್ಲಿ ದುಡಿಯುತ್ತಿದ್ದ ನಮ್ಮ ದೇಶದ ಕೂಲಿಗಳೂ ಸತ್ತರು. ಉಳಿದವರಲ್ಲಿ ಲಕ್ಷಾಂತರ ಜನ ಕಾಡು, ಬೆಟ್ಟ ಹತ್ತಿ ಭಾರತದ ಕಡೆ ನಡೆದರು. "ಇದರಿಂದ ಯಾರೂ ಸತ್ತಿಲ್ಲ" ಎಂಬ ಮಾತಿನ ಒಂದು ಪಾಲಿಗೆ ಇಷ್ಟು ಉತ್ತರ ಸಾಕು.

ಇನ್ನೊಂದು ಪಾಲಿದೆ. ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಚೀಟಿಯಲ್ಲಿದ್ದ "ಮೂಲ ಬಣ್ಣ" ಎಂಬ ಎರಡು ಶಬ್ದಗಳನ್ನು ನೋಡಿ. ಈ ವ್ಯಾಪಾರದಲ್ಲಿ ಅದಕ್ಕೆ ಬೆಲೆಯಿದೆ. ಅಂಕಿಗಳ ಮೇಲೆ ಮತ್ತೆ ಹೊಸ ಬಣ್ಣ ಬಳಿದಿದ್ದರೆ ಬೆಲೆ ಇಳಿಯುತ್ತದೆ. ಹಳದಿಗಟ್ಟಿ ಕಂದಾದ ಆ ಹಳೆಯ ಬಣ್ಣ ಇದ್ದರೆ ಏರುತ್ತದೆ. ಏನದು ಬಣ್ಣ? ಕತ್ತಲಲ್ಲಿ ಹೊಳೆಯಲೆಂದು ಜಿಂಕ್ ಸಲ್ಫೈಡಿನ ಪುಡಿಗೆ ರೇಡಿಯಂ ಬೆರೆಸಿ ಮಾಡಿದ್ದು. ರೇಡಿಯಂ ಹೊರಹಾಕುವ ಕಣಗಳು ತಾಕಿ ಪುಡಿ ಬೆಳಗುತ್ತದೆ. ವರ್ಷಗಳು ಕಳೆದಂತೆ ಪುಡಿ ಸವೆದು ಬೆಳಕು ಆರಿಹೋಗುತ್ತದೆ. ಆದರೆ ರೇಡಿಯಂ ಅರ್ಧದಷ್ಟಾಗಲು ಬೇಕಾದದ್ದು ಸುಮಾರು 1,600 ವರ್ಷ! ಬೆಳಕು ಸತ್ತ ಡಯಲನ್ನು "ಈಗ ಏನೂ ಇಲ್ಲ ಬಿಡಿ" ಎಂದು ಕೈಗೆ ಕೊಡುವವರು ಈ ಎರಡು ಲೆಕ್ಕಗಳನ್ನು ಒಂದೇ ಎಂದುಕೊಂಡಿದ್ದಾರೆ.

ಈ ಬಣ್ಣವನ್ನು ಬಳಿದವರು ಯಾರು? ಹೆಚ್ಚಿನವರು ಹೆಣ್ಣುಮಕ್ಕಳು. ಮೊದಲ ಮಹಾಯುದ್ಧದ ಹೊತ್ತಿಗೇ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಹದಿಹರೆಯದ ಹುಡುಗಿಯರು ಸೈನಿಕರ ಗಡಿಯಾರಗಳಿಗೂ ಡಯಲ್‌ಗಳಿಗೂ ಈ ಬಣ್ಣ ಹಚ್ಚುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಗಳ ನಡುವೆ ಇಟ್ಟು ತಿರುವಲು ಅವರಿಗೆ ಕಲಿಸಲಾಗಿತ್ತು. ಅಪಾಯವಿಲ್ಲವೇ ಎಂದು ಕೇಳಿದವರಿಗೆ ಇಲ್ಲ ಎಂದೇ ಉತ್ತರ. ಅದೇ ಕಂಪನಿಯ ರಸಾಯನ ವಿಜ್ಞಾನಿಗಳು ಮಾತ್ರ ರೇಡಿಯಂ ಮುಟ್ಟುವಾಗ ರಕ್ಷಣೆ ಪಡೆಯುತ್ತಿದ್ದರು. ಸುಣ್ಣದಂತೆ ರೇಡಿಯಂ ಮೂಳೆಯೊಳಗೆ ಹೋಗಿ ಕೂರುತ್ತದೆ. ಹುಡುಗಿಯರ ಹಲ್ಲು ಉದುರಿದವು, ದವಡೆ ಕೊಳೆಯಿತು. ಗ್ರೇಸ್ ಫ್ರಯರ್ ಎಂಬಾಕೆಗೆ ತನ್ನ ದಾವೆ ಹಿಡಿಯುವ ವಕೀಲರು ಸಿಗಲು ಎರಡು ವರ್ಷ ಹಿಡಿಯಿತು. 1927ರಲ್ಲಿ ಆಕೆ ಮತ್ತು ಇನ್ನು ನಾಲ್ವರು ನ್ಯಾಯಾಲಯಕ್ಕೆ ಹೋದರು. 1928ರಲ್ಲಿ ತಲಾ 10,000 ಡಾಲರ್, ವರ್ಷಕ್ಕೆ 600 ಡಾಲರ್ ಎಂದು ರಾಜಿಯಾಯಿತು. 1933ರಲ್ಲಿ ಗ್ರೇಸ್ ತೀರಿಕೊಂಡಳು.

"ಅದು ಹಳೆಯ ಕತೆ, ಎರಡನೇ ಯುದ್ಧದ ಹೊತ್ತಿಗೆ ನಿಯಮಗಳು ಬಂದಿದ್ದವು" ಎಂದರು ನನ್ನ ಪರಿಚಿತರು. ನಿಜ, ಬಂದಿದ್ದವು. ಒಬ್ಬ ಕೆಲಸಗಾರಳ ಮೈಯಲ್ಲಿ ಎಷ್ಟು ರೇಡಿಯಂ ಇದ್ದರೆ ಮಿತಿ ಎಂದು ಅಮೆರಿಕ 1941ರಲ್ಲಿ ಗೊತ್ತುಮಾಡಿತು. ಬಣ್ಣ ಬಳಿಯುವ ಕಾರ್ಖಾನೆಗಳಿಗೆ ಬ್ರಿಟನ್ 1942ರಲ್ಲಿ ಪ್ರತ್ಯೇಕ ಆದೇಶ ಹೊರಡಿಸಿತು. ಆದರೆ ಆ ಮಿತಿಯ ಅಂಕಿ ಎಲ್ಲಿಂದ ಬಂತು? ಸತ್ತ ಮತ್ತು ಸಾಯುತ್ತಿದ್ದ ಆ ಹುಡುಗಿಯರ ಮೂಳೆಗಳನ್ನು ಅಳೆದೇ ಬಂತು. ಉಪಕರಣವನ್ನು ಅಳೆಯುವ ಉಪಕರಣ ಎಂದು ಹೊಗಳುವವರು ಈ ಅಳತೆಯನ್ನೂ ಒಂದಿಷ್ಟು ನೆನಪಿಡಬಾರದೇ?

ಜರ್ಮನಿಯ ಡಯಲ್‌ಗಳಿಗೆ ಈ ಮಾರುಕಟ್ಟೆಯಲ್ಲಿ ಇನ್ನೂ ಹೆಚ್ಚಿನ ಆಕರ್ಷಣೆ. "ಎಂಥ ಕೆಲಸಗಾರಿಕೆ!" ಎನ್ನುತ್ತಾರೆ. ಆ ಕೆಲಸಗಾರರು ಯಾರೆಂದು ಕೇಳಿದರೆ ಮೌನ. ರಾವೆನ್ಸ್‌ಬ್ರೂಕ್ ಎಂಬ ಮಹಿಳೆಯರ ಬಂದಿಶಿಬಿರದ ಪಕ್ಕದಲ್ಲೇ ಸೀಮೆನ್ಸ್ ಕಂಪನಿ 1942ರಲ್ಲಿ ಕಾರ್ಖಾನೆಯ ಶೆಡ್ಡುಗಳನ್ನು ಕಟ್ಟಿ, ಯುದ್ಧಕ್ಕೆ ಬೇಕಾದ ವಿದ್ಯುತ್ ಉಪಕರಣಗಳ ಬಿಡಿಭಾಗಗಳನ್ನು ಕೈದಿ ಹೆಂಗಸರಿಂದ ಮಾಡಿಸಿತು. ಸಣ್ಣ ಬೆರಳುಗಳು ಸೂಕ್ಷ್ಮ ಕೆಲಸಕ್ಕೆ ಒಳ್ಳೆಯವು ಎಂಬ ಮಾತು ಎಲ್ಲ ದೇಶದ ಮಾಲೀಕರಿಗೂ ಬಾಯಿಪಾಠ. ಬೀಡಿ ಕಟ್ಟಿಸುವವರೂ ನಮ್ಮಲ್ಲಿ ಅದನ್ನೇ ಹೇಳುತ್ತಾರೆ.

ಇನ್ನು ಈ ಡಯಲ್‌ಗಳು ಕೆಲಸ ಮುಗಿಸಿದ ಮೇಲೆ ಎಲ್ಲಿಗೆ ಹೋದವು? ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಡಾಲ್ಗೆಟಿ ಬೇ ಕಡಲತೀರದ ಕತೆ ಕೇಳಿ. ಪಕ್ಕದಲ್ಲಿ ಡಾನಿಬ್ರಿಸಲ್ ವಿಮಾನ ನಿಲ್ದಾಣವಿತ್ತು. ಯುದ್ಧ ಮುಗಿದ ಮೇಲೆ ಅಲ್ಲಿ ವಿಮಾನಗಳನ್ನು ಒಡೆದು, ಡಯಲ್‌ಗಳನ್ನು ಸುಟ್ಟು, ಬೂದಿಯನ್ನು ದಡಕ್ಕೆ ಸುರಿದರು. ನಂತರ ಅಲ್ಲೊಂದು ಊರೇ ಬೆಳೆಯಿತು, ಮಕ್ಕಳು ಮರಳಲ್ಲಿ ಆಡಿದರು. 1990ರಲ್ಲಿ ಆ ಮರಳಿನಲ್ಲಿ ವಿಕಿರಣದ ಕಣಗಳು ಪತ್ತೆಯಾದವು. ಇದಕ್ಕೆ ಹೊಣೆ ಯಾರು ಎಂಬ ಎಳೆದಾಟ ವರ್ಷಗಟ್ಟಲೆ ನಡೆದು, ತೀರದ ಒಂದು ಭಾಗಕ್ಕೆ ಬೇಲಿ ಬಿದ್ದು, ಅಲ್ಲಿನ ಚಿಪ್ಪುಮೀನು ಹಿಡಿಯಬಾರದೆಂದಾಗಿ, ಕೊನೆಗೆ ಶುದ್ಧೀಕರಣದ ಕೆಲಸ ಮುಗಿದದ್ದು 2023ರಲ್ಲಿ. ಯುದ್ಧ ಮುಗಿದು 78 ವರ್ಷ!

ಶ್ರೀಮಂತ ದೇಶದ ಕಡಲತೀರಕ್ಕೆ ಬೇಲಿಯಾದರೂ ಬಿತ್ತು. ನಮ್ಮಲ್ಲಿ? ಬೆಂಗಳೂರಿಗೂ ಈ ಡಯಲ್‌ಗಳಿಗೂ ಹಳೆಯ ನಂಟಿದೆ. 1940ರಲ್ಲಿ ಶುರುವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿತ್ತು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಯುದ್ಧಾನಂತರ ಬ್ರಿಟಿಷರು ಉಪಯೋಗಕ್ಕೆ ಬಾರದಂತೆ ಹಾಳುಗೆಡವಿ ಕಾನಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳಲ್ಲಿ ಸುಮಾರು 40ನ್ನು ಈ ಕಾರ್ಖಾನೆಯವರು ಹಾರುವಂತೆ ಮಾಡಿ ಬೆಂಗಳೂರಿಗೆ ತಂದು ರಿಪೇರಿ ಮಾಡಿದರು. ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿದ್ದವು. ಅವುಗಳಲ್ಲಿ ಒಂದನ್ನು 1974ರಲ್ಲಿ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂಗೆ ಉಡುಗೊರೆಯಾಗಿ ಕೊಡಲಾಯಿತು. ಬ್ರಿಟಿಷರು ಹಾಳುಮಾಡಿದ್ದನ್ನು ಬೆಂಗಳೂರಿನ ಮೆಕ್ಯಾನಿಕ್ಕುಗಳು ಉಳಿಸಿ ಬ್ರಿಟಿಷರಿಗೇ ಕೊಟ್ಟರು! ಆದರೆ ಸಂಗ್ರಾಹಕರ ಚೀಟಿಗಳಲ್ಲಿ ಪೈಲಟ್ಟಿನ ಹೆಸರು ಸಿಕ್ಕರೆ ಸಂಭ್ರಮ, ಮೆಕ್ಯಾನಿಕ್ಕಿನ ಹೆಸರನ್ನು ಹುಡುಕಿದವರನ್ನು ನಾನು ಕಂಡಿಲ್ಲ.

ಶಿವಾಜಿನಗರದಲ್ಲಿ ನನ್ನ ಮಾಮೂಗೆ ಗುಜರಿ ಅಂಗಡಿಯಿತ್ತು. ಉರ್ದು ಶಾಲೆಯಿಂದ ಬಂದು ನಾನು ಅಲ್ಲಿ ಕೂರುತ್ತಿದ್ದೆ. ಹಳೆಯ ವಿಮಾನದ್ದೆಂದು ಹೇಳಲಾದ ದುಂಡನೆಯ ಡಯಲ್‌ಗಳು ಒಂದು ಗೋಣಿಯಲ್ಲಿದ್ದವು. "ನಾನು ಹುಡುಗನಾಗಿದ್ದಾಗ ಇವು ರಾತ್ರಿ ಮಿಣುಕುಹುಳದ ಹಾಗೆ ಹೊಳೀತಿದ್ವು ಬೇಟಾ, ಈಗ ಸತ್ತಿವೆ" ಎನ್ನುತ್ತಿದ್ದರು. ಹಿತ್ತಾಳೆ, ಅಲ್ಯೂಮಿನಿಯಂ ಬೇರೆ ಮಾಡಲೆಂದು ಗಾಜು ಒಡೆದು, ಮುಖದ ಬಣ್ಣವನ್ನು ಚಾಕುವಿನಿಂದ ಕೆರೆದು, ಪುಡಿಯನ್ನು ಬಾಯಲ್ಲಿ ಊದುತ್ತಿದ್ದರು. ನಾನೂ ಊದಿದ್ದೇನೆ. ಮಾಮು 78 ವರ್ಷ ಬದುಕಿದರು. ಅವರ ಕೊನೆಯ ಕಾಯಿಲೆಯನ್ನು ಆ ಪುಡಿಗೆ ಗಂಟುಹಾಕುವ ಹಕ್ಕು ನನಗಿಲ್ಲ, ಹಾಕುವುದೂ ಇಲ್ಲ. ಆದರೆ ಆ ಪುಡಿ ಏನೆಂದು ಅವರಿಗೆ ಯಾರೂ ಹೇಳಲಿಲ್ಲ ಎಂಬುದಂತೂ ನಿಜ.

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದರಿಂದ ಹರಾಜಾಗಿ ಬಂದ ಯಂತ್ರದೊಳಗೆ ಕೋಬಾಲ್ಟ್ ಇತ್ತು. ಬಿಚ್ಚಿದ ಕೆಲಸಗಾರನೊಬ್ಬ ಸತ್ತ. ಅದು ರೇಡಿಯಂ ಡಯಲಿಗಿಂತ ಎಷ್ಟೋ ಪಟ್ಟು ಭೀಕರವಾದ ವಸ್ತು, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ತಪ್ಪು. ಆದರೆ ದಾರಿ ಒಂದೇ. ಓದಿದವರ ಕೈಯಿಂದ ಓದದವರ ಕೈಗೆ, ಮಾಹಿತಿಯನ್ನು ಮೇಲೆಯೇ ಉಳಿಸಿಕೊಂಡು ವಸ್ತುವನ್ನು ಮಾತ್ರ ಕೆಳಗೆ ದಾಟಿಸುವ ದಾರಿ. ಈಗ ಅದೇ ದಾರಿಯಲ್ಲಿ ವಸ್ತು ಹಿಂದಕ್ಕೆ ಬರುತ್ತಿದೆ. ಗುಜರಿಯಲ್ಲಿ ತೂಕಕ್ಕೆ ಕೊಂಡದ್ದು ಬೀರು ಸೇರುವ ಹೊತ್ತಿಗೆ ಪರಂಪರೆಯಾಗುತ್ತದೆ.

ಹಾಗಾದರೆ ಸಂಗ್ರಹಗಳನ್ನು ಎಸೆಯಬೇಕೇ? ದಯವಿಟ್ಟು ಬೇಡ. ಎಸೆದರೆ ಮತ್ತೆ ಯಾವುದೋ ಮಾಮುವಿನ ಗೋಣಿಗೇ ಬೀಳುತ್ತದೆ. ಗಾಜು ಒಡೆಯದ ಡಯಲ್ ಬೀರುವಿನಲ್ಲಿದ್ದರೆ ದೊಡ್ಡ ಅಪಾಯವಿಲ್ಲ. ಅಪಾಯವಿರುವುದು ಅದನ್ನು ತೆರೆದಾಗ, ಕೆರೆದಾಗ, ಪುಡಿ ಉಸಿರಿಗೆ ಹೋದಾಗ. ಅನೇಕ ಡಯಲ್‌ಗಳನ್ನು ಮುಚ್ಚಿದ ಕೋಣೆಯಲ್ಲಿ ಕೂಡಿಟ್ಟರೆ ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಅಲ್ಲಿ ಸೇರಿಕೊಳ್ಳುತ್ತದೆ. ಮಕ್ಕಳು ಮಲಗುವ ಕೋಣೆ ಇದರ ಜಾಗವಲ್ಲ. ಮಾರುವವನು ಕೊಳ್ಳುವವನಿಗೆ ಬಾಯಿಬಿಟ್ಟು ಹೇಳಬೇಕು. ಇಷ್ಟು ಹೇಳಿದರೆ ಬೆಲೆ ಬಿದ್ದುಹೋಗುತ್ತದೆಂದು ಹೆದರುವವರ ಇತಿಹಾಸಪ್ರೇಮವನ್ನು ನಾನು ನಂಬುವುದಿಲ್ಲ. ಆ ಪುಟ್ಟ ಚೀಟಿಯಲ್ಲೂ ಇನ್ನೆರಡು ಸಾಲಿಗೆ ಜಾಗವಿದೆ. ಬಣ್ಣ ರೇಡಿಯಂನದು ಎಂದು ಒಂದು ಸಾಲು. ಬಳಿದ ಕೈಗಳು ಯಾರವು ಎಂದು ಇನ್ನೊಂದು. ಹೆಸರು ಸಿಗದಿದ್ದರೆ "ಹೆಸರು ದಾಖಲಾಗದ ಹೆಣ್ಣುಮಗಳು" ಎಂದಾದರೂ ಬರೆಯಲಿ.

ಇದನ್ನೆಲ್ಲ ನನ್ನ ಪರಿಚಿತರಿಗೆ ಹೇಳಿದೆ. ಜಗಳವೇ ಆಯಿತು. "ನೀವು ಕತೆಗಾರರು, ಎಲ್ಲದರಲ್ಲೂ ಹೆಣ ಹುಡುಕುತ್ತೀರಿ" ಎಂದರು. ಎರಡು ತಿಂಗಳು ಮಾತಿಲ್ಲ. ಮೊನ್ನೆ ಅವರೇ ಫೋನ್ ಮಾಡಿದ್ದರು. ಆಲ್ಟಿಮೀಟರನ್ನು ಮಗಳ ಮೇಜಿನಿಂದ ತೆಗೆದು ವರಾಂಡದ ಕಪಾಟಿಗೆ ಹಾಕಿ ಬೀಗ ಹಾಕಿದ್ದಾರಂತೆ. ಚೀಟಿ ಮಾತ್ರ ಹಾಗೆಯೇ ಇದೆಯಂತೆ, ಇನ್ನೂ ಬದಲಾಯಿಸಿಲ್ಲ.