ಮರಿಗೆ ಮೊದಲು ಸಂತೆ ತೋರಿಸಿ

ನಮ್ಮ ಸೀಮೆಯಲ್ಲಿ ನಾಯಿಮರಿ ತರುವವರು ಅದರ ಜೊತೆಗೇ ಸರಪಳಿಯನ್ನೂ ತರುತ್ತಾರೆ. ಹೊಳಲ್ಕೆರೆಯ ಅಡಿಕೆ ತೋಟವಿರಲಿ, ಹೊಸದುರ್ಗದ ತೆಂಗಿನ ತೋಟವಿರಲಿ, ಪಂಪ್‌ಹೌಸಿನ ಪಕ್ಕ ಒಂದು ಗೂಟ, ಗೂಟಕ್ಕೊಂದು ಮರಿ. ಯಾಕಪ್ಪಾ ಇಷ್ಟು ಚಿಕ್ಕದನ್ನ ಕಟ್ಟಿದೀಯ ಅಂದರೆ, "ಬಿಟ್ಟು ಸಾಕಿದ್ರೆ ಎಲ್ಲರ ಹತ್ರನೂ ಹೋಗುತ್ತೆ ಡಾಕ್ಟ್ರೇ, ಜೋರಾಗಲ್ಲ" ಅನ್ನುತ್ತಾರೆ. ಅನ್ನಕ್ಕೆ ಖಾರದಪುಡಿ ಕಲಸಿದರೆ ಇನ್ನೂ ಜೋರಾಗುತ್ತದೆ ಎನ್ನುವ ಪಂಡಿತರೂ ಇದ್ದಾರೆ. ಅದರಿಂದ ಕೆಡುವುದು ಮರಿಯ ಹೊಟ್ಟೆ ಅಷ್ಟೆ.

ನಾನು ಡಾಕ್ಟರಲ್ಲ, ಪಶುವೈದ್ಯಕೀಯ ಪರೀಕ್ಷಕನಾಗಿ ಈ ತಾಲ್ಲೂಕುಗಳನ್ನು ಸುತ್ತಿ ನಿವೃತ್ತನಾದವನು. ಹಾಗೆ ಕಟ್ಟಿ ಬೆಳೆಸಿದ ನಾಯಿ ಯಾರನ್ನು ಕಚ್ಚುತ್ತದೆ ಎಂದು ನೋಡುತ್ತಲೇ ಬಂದಿದ್ದೇನೆ. ದೋಟಿ ಹಿಡಿದು ಬಂದ ಗೊನೆ ಕೀಳುವವನನ್ನು, ಮೀಟರ್ ನೋಡಲು ಬಂದವನನ್ನು, ಆಶಾ ಕಾರ್ಯಕರ್ತೆಯನ್ನು, ಬೇಸಿಗೆ ರಜೆಗೆ ಬಂದ ಮೊಮ್ಮಗುವನ್ನು. ಈ ಪಟ್ಟಿಯಲ್ಲಿ ಕಳ್ಳ ಬಂದದ್ದು ಅಪರೂಪ. ಜನ ಅದನ್ನು ಧೈರ್ಯ ಎಂದುಕೊಳ್ಳುತ್ತಾರೆ, ನನಗೆ ಕಾಣುವುದು ಬರೀ ಭಯ. ಬಾಲ ಒಳಗೆ, ಕಿವಿ ಹಿಂದಕ್ಕೆ. ಓಡೋಣವೆಂದರೆ ಸರಪಳಿ ಬಿಡದು. ಇನ್ನು ಉಳಿದದ್ದು ಹಲ್ಲು.

ಮರಿ ಕಣ್ಣು ಬಿಡುವುದು ಸುಮಾರು ಎರಡು ವಾರಕ್ಕೆ, ಕಿವಿ ಕೇಳಿಸತೊಡಗುವುದು ಮೂರನೆಯ ವಾರದ ಹೊತ್ತಿಗೆ. ಅಲ್ಲಿಂದ ಹೆಚ್ಚುಕಡಿಮೆ 12ನೆಯ ವಾರದವರೆಗೆ ಕಂಡದ್ದನ್ನು, ಕೇಳಿದ್ದನ್ನು ಅದು ತನ್ನ ಲೋಕಕ್ಕೆ ಸೇರಿಸಿಕೊಳ್ಳುತ್ತದೆ. ಆಮೇಲೆ ಹೊಸದರ ಮೇಲೆಲ್ಲ ಅನುಮಾನ. ಅಮೆರಿಕದ ವಿಜ್ಞಾನಿಗಳಾದ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಇದನ್ನು 1961ರಲ್ಲೇ ತೋರಿಸಿಕೊಟ್ಟರು. ಎತ್ತರದ ಬೇಲಿಯ ಬಯಲಲ್ಲಿ ತಾಯಿಯೊಂದಿಗೆ ಬಿಟ್ಟ ಮರಿಗಳಲ್ಲಿ, 14 ವಾರದವರೆಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆದವು ಬಹುಮಟ್ಟಿಗೆ ಕಾಡುಪ್ರಾಣಿಗಳಂತೆಯೇ ಉಳಿದವು.

ನಮ್ಮ ಕುರಿಗಾಹಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಿರಿಯೂರು ಕಡೆ ಕಟಾವಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರಲ್ಲ, ಅಲ್ಲಿ ಹೋಗಿ ನೋಡಿ. ಮರಿ ಬೆಳೆಯುವುದೇ ಮಂದೆಯ ಮಗ್ಗುಲಲ್ಲಿ. ಕುರಿ ಮೂಸುತ್ತದೆ, ಹೋತ ಗುದ್ದುತ್ತದೆ, ಮಕ್ಕಳು ಎತ್ತಿಕೊಂಡು ತಿರುಗುತ್ತಾರೆ, ಹೊಲದ ಯಜಮಾನ ಬಂದು ಹೋಗುತ್ತಾನೆ, ಹೆದ್ದಾರಿಯ ಲಾರಿ ಹಾರ್ನು ಕಿವಿಗೆ ಬೀಳುತ್ತಲೇ ಇರುತ್ತದೆ. ರಾತ್ರಿ ತೋಳ ಸುಳಿದರೆ ಎದ್ದು ಅಟ್ಟುವುದು ಇದೇ ನಾಯಿ. ಹಗಲು ಬಂದವರನ್ನೆಲ್ಲ ಕಚ್ಚಿದರೆ ಆ ಮಂದೆಗೆ ಹೊಲ ಕೊಡುವವರು ಯಾರು? ದಿನನಿತ್ಯದ್ದು ಯಾವುದೆಂದು ಗೊತ್ತಿದ್ದ ನಾಯಿಗೇ ಹೊಸ ಸದ್ದು, ಹೊಸ ವಾಸನೆ ತಿಳಿಯುವುದು. ಗೂಟದ ಸುತ್ತ ಬೆಳೆದದ್ದಕ್ಕೆ ತರಗೆಲೆಯೂ ಕಳ್ಳನೇ.

ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ಕೇಂದ್ರ ನಿಯಮ ಹೇಳುತ್ತದೆ. ಒಡಹುಟ್ಟಿದವುಗಳೊಂದಿಗೆ ಕಚ್ಚಾಡುತ್ತ, ಎಷ್ಟು ಬಿಗಿ ಹಿಡಿದರೆ ಆಟ ನಿಲ್ಲುತ್ತದೆ ಎಂದು ಅದು ಕಲಿಯುವುದು ಆ ವಾರಗಳಲ್ಲಿ. ಆದರೆ ಪುಟ್ಟದಿದ್ದಷ್ಟೂ ಮುದ್ದು, ಮುದ್ದಿದ್ದಷ್ಟೂ ಬೆಲೆ. ತಿಂಗಳ ಮರಿಯೇ ರಟ್ಟಿನ ಡಬ್ಬಿಯಲ್ಲಿ ಬಂದಿಳಿಯುತ್ತದೆ. ನಿಯಮದಂತೆ ತಂದರೂ ಆ 12 ವಾರಗಳಲ್ಲಿ ಸಾಕುವವರ ಕೈಗೆ ಸಿಗುವುದು ನಾಲ್ಕೇ ವಾರ. ಅದನ್ನೂ "ಎಲ್ಲ ಲಸಿಕೆ ಮುಗೀಲಿ" ಎಂದು ಮನೆಯೊಳಗೇ ಕಳೆಯುತ್ತೇವೆ.

ಪಾರ್ವೊ ಬಂದು ರಕ್ತಭೇದಿಯಾಗಿ ಸತ್ತ ಮರಿಗಳನ್ನು ಕಂಡಿದ್ದೇನೆ. ಆ ಹೆದರಿಕೆ ಸುಳ್ಳಲ್ಲ. ಅದಕ್ಕೆ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ಹೋಗಿ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಹಾಕಿಸಿ, ಒಂದು ವಾರ ಬಿಟ್ಟು ಟವೆಲ್ಲಿನಲ್ಲಿ ಸುತ್ತಿಕೊಂಡು ಸಂತೆಯ ಅಂಚಿನಲ್ಲಿ ಒಂದು ಟೀ ಕುಡಿಯುವಷ್ಟು ಹೊತ್ತು ನಿಲ್ಲಿ. ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಹುಲ್ಲಿನ ಹೊರೆ ಹೊತ್ತವರು, ಬಸ್ಸು, ಅಡಿಕೆ ಸುಲಿಯುವ ಯಂತ್ರ ಎಲ್ಲವನ್ನೂ ದೂರದಿಂದ ನೋಡಲಿ. ಮುದುಡಿಕೊಂಡರೆ ಹಿಂದೆ ಸರಿಯಿರಿ, ಬಲವಂತ ಬೇಡ. ಮನೆಯಲ್ಲಿ ಹೆಸರು ಕರೆದಾಗ ಓಡಿಬಂದರೆ ಮುದ್ದೆಯ ಚೂರು ಕೊಡಿ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಊರುಗಳಲ್ಲಿ ಕರೆದರೆ ಬರುವ ಅಭ್ಯಾಸವೊಂದೇ ಎಷ್ಟೋ ನಾಯಿಗಳ ಜೀವ ಉಳಿಸೀತು.

ಬೀದಿನಾಯಿಗಳಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ ಹಿಡಿದಲ್ಲೇ ಬಿಡಿ, ರೇಬೀಸ್ ತಗುಲಿದವನ್ನೂ ಆಕ್ರಮಣಕಾರಿಗಳನ್ನೂ ಬಿಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದ್ದನ್ನು ಎಲ್ಲರೂ ಚರ್ಚಿಸಿದೆವು. ಸರಪಳಿಯಲ್ಲಿ ಬೆಳೆದು ಯಜಮಾನನ ಕೈಗೂ ಸಿಗದಂತಾದ ನಾಯಿಯನ್ನು ರಾತ್ರಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಪಕ್ಕದೂರಿನ ಗಡಿಯಲ್ಲಿ ಬಿಟ್ಟುಬರುವವರ ಬಗ್ಗೆ ಮಾತ್ರ ನಾವು ಚರ್ಚಿಸುವುದಿಲ್ಲ.

ರೇಬೀಸ್ ಲಸಿಕೆಗೆ ಮರಿಗಳು ಬರುವುದು ಮೂರು ತಿಂಗಳಿಗೆ. ಸೆಪ್ಟೆಂಬರ್ 28ರ ರೇಬೀಸ್ ದಿನಕ್ಕೇ ಮೊದಲ ಬಾರಿ ಆಸ್ಪತ್ರೆ ಕಾಣುವವೂ ಉಂಟು. ಅಷ್ಟರಲ್ಲಿ ಲೋಕವನ್ನು ಕಲಿಯುವ ಆ ವಾರಗಳು ಕಳೆದುಹೋಗಿರುತ್ತವೆ. ಆದ್ದರಿಂದ ತಾಲ್ಲೂಕು ಪಶು ಆಸ್ಪತ್ರೆಗಳು ಮರಿಗೆ ಬೇಗ ಲೋಕ ತೋರಿಸಿ ಎನ್ನುವ ಈ ಮಾತನ್ನು ಲಸಿಕೆ ಚೀಟಿಯಲ್ಲಿ ಅಚ್ಚು ಹಾಕಿಸುವುದರ ಜೊತೆಗೆ ಊರೂರಿಗೂ ಮುಟ್ಟಿಸಬೇಕು. ರೈತರು ದಿನಾ ಎರಡು ಹೊತ್ತು ಸೇರುವುದು ಹಾಲಿನ ಡೇರಿಯಲ್ಲಿ. ಭಿತ್ತಿಪತ್ರ ಅಂಟಿಸಲು ಅದಕ್ಕಿಂತ ಒಳ್ಳೆಯ ಗೋಡೆ ಸಿಗಲಾರದು.